ಹಂಚಿನಾಳ ಸರ್ ಮಾಡಿದ ಜೋಡಿ ಟೊಪ್ಪಿಗೆ

“ಐದು ವರ್ಷದ ತರಬೇತಿ, ಐದೇ ನಿಮಿಷಕ್ಕ! ಜಗತ್ತೇ ಬಾಯಿ ಬಿಟ್ಟು ನೋಡಬೇಕು!” ಎಂದು ಮಿದುಳು ವಿಜ್ಞಾನದ ಪ್ರೊಫೆಸರ್ ಹಂಚಿನಾಳರು ತಂತಿಯಿಂದ ಜೋಡಿಸಿದ್ದ ಎರಡು ಟೊಪ್ಪಿಗೆಗಳನ್ನು ಎತ್ತಿ ತೋರಿಸಿದರು. ಒಂದು ಗುರುವಿಗೆ, ಇನ್ನೊಂದು ಶಿಷ್ಯರಿಗೆ. ಗುರುವಿನ ಕೈಚಳಕವೆಲ್ಲ ಶಿಷ್ಯರ ಮಿದುಳಿಗೆ ಇಳಿಯಬೇಕು!

ಅವರ ಸಂಶೋಧನಾ ವಿದ್ಯಾರ್ಥಿನಿ ಶಾಂಭವಿಗೆ ಆ ಟೊಪ್ಪಿಗೆ ಕಟ್ಟಿಕೊಂಡು ಏನಾಗಬೇಕಿತ್ತು? ಅವಳಿಗೆ ಬೇಕಾಗಿದ್ದುದು ತನ್ನ ಪಿಎಚ್.ಡಿ. ಪ್ರಬಂಧದ ಮೇಲೆ ಸರ್ ಸಹಿ. ಸಂಜೆ ಐದರೊಳಗೆ ಪ್ರಬಂಧ ಕುಲಸಚಿವರ ಕಚೇರಿಗೆ ಮುಟ್ಟದಿದ್ದರೆ ನೋಂದಣಿಯೇ ರದ್ದು. ಸರ್ ಮಾತ್ರ ಪ್ರತಿ ಸಲವೂ ಏನಾದರೊಂದು ಹುಳುಕು ಹುಡುಕಿ ವಾಪಸ್ ಕೊಡುತ್ತಿದ್ದರು. ಇವತ್ತು ಸಹಿ ಇಲ್ಲದೆ ಮನೆಗೆ ಹೋಗುವುದೇ ಇಲ್ಲ ಎಂದು ಪಟ್ಟು ಹಿಡಿದು ಬಂದಿದ್ದಳು.

“ಸರ್, ನನ್ನ ಪ್ರಬಂಧ…”

“ಮೊದಲು ಟೊಪ್ಪಿಗಿ ಹಾಕ್ಕೋರಿ!”

ಹಾಕಿಕೊಂಡಳು. ಗುರುವಿನ ಟೊಪ್ಪಿಗೆ ಸರ್ ತಲೆಗೇರಿತು. ಜಂಟಿ ಸಂಶೋಧನೆಯ ಪಾಲುದಾರರಾದ ಎಲೆಕ್ಟ್ರಾನಿಕ್ಸ್ ವಿಭಾಗದ ಕುಲಕರ್ಣಿ ಮೇಡಂ ಗುಂಡಿ ಒತ್ತಿದರು. ಸದಾ ನಡುಗುತ್ತಿದ್ದ ಶಾಂಭವಿಯ ಕೈ, ಕೂದಲಿಗಿಂತ ತೆಳ್ಳಗಿನ ಸೂಜಿಯನ್ನು ಒಂದೇ ಪ್ರಯತ್ನಕ್ಕೆ ಇಲಿ ಮಿದುಳಿನ ಕೋಶಕ್ಕೆ ಚುಚ್ಚಿತು. ಲ್ಯಾಬಿನಲ್ಲಿ ನೆರೆದಿದ್ದ ವಿದ್ಯಾರ್ಥಿಗಳೆಲ್ಲರೂ ಚಪ್ಪಾಳೆ ತಟ್ಟಿದರು.

“ಚಪ್ಪಾಳಿ ಸಾಕು! ಈ ಗಾಜೆಲ್ಲಾ ಯಾರು ತೊಳೀತಾರ, ನಿಮ್ಮಪ್ಪ ಬರ್ತಾನೇನು?” ಎಂದು ಗದರಿಸಿ ಶಾಂಭವಿ ಸರ್ ಕುರ್ಚಿಯಲ್ಲಿ ಕೂತಳು. ಕೂತವಳೇ ಬೆಚ್ಚಿದಳು. ಬಾಯಿ ತನ್ನದು, ಮಾತು ಸರ್ ಅವರದು!

ಹಂಚಿನಾಳರೋ ಶಾಂಭವಿಯ ಮುಂದೆ ತಲೆ ಕೆರೆಯುತ್ತ ನಿಂತಿದ್ದರು. “ನಾಳಿ ತೊಳೀತೀನ್ರಿ ಮೇಡಂ. ಹೊಟ್ಟಿ ಹಸದೈತಿ, ಕ್ಯಾಂಟೀನಿಗೆ ಹೋಗ್ಲೇನ್ರಿ?”

“ಕುಲಕರ್ಣಿ ಮೇಡಂ! ಕರೆಂಟು ಎರಡೂ ಕಡೆ ಹರಿಯೋ ಹಂಗ ಯಾಕ ಜೋಡಿಸಿದ್ರಿ?” ಎಂದು ಶಾಂಭವಿ ಗುಡುಗಿದಳು.

“ಜಂಟಿ ಸಂಶೋಧನಾ ಅಂದ್ರ ಕೊಡೋದು, ತೊಗೊಳೋದು ಎರಡೂ ಇರಬೇಕಲ್ರಿ!” ಎನ್ನುತ್ತ ಮೇಡಂ, ಎಲ್ಲ ಮೊದಲಿನಂತಾಗಲೆಂದು ಮತ್ತೆ ಗುಂಡಿ ಒತ್ತಿದರು. ಟೊಪ್ಪಿಗೆಗಳಿಂದ ಹೊಗೆ ಎದ್ದಿತು. ಸರ್ ಹೆದರಿ ತಂತಿ ಕಿತ್ತುಕೊಂಡು ಫ್ರಿಜ್ ಹಿಂದೆ ಅಡಗಿಕೊಂಡರು!

ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಶಾಂಭವಿಗೆ ಥಟ್ಟನೆ ಹೊಳೆಯಿತು. ಸರ್ ಕೈಚಳಕ ಬಂದಿದೆ ಎಂದಮೇಲೆ ಸರ್ ಸಹಿಯೂ ಬಂದಿರಬೇಕಲ್ಲ! ಪೆನ್ನು ಎತ್ತಿದಳು. ಅಷ್ಟರಲ್ಲಿ ಕಣ್ಣು ಮೂರನೇ ಅಧ್ಯಾಯದ ಮೇಲೆ ಬಿತ್ತು. ಛೇ, ಇದೂ ಒಂದು ಗ್ರಾಫೇ? ಕೈ ಸರ್ರನೆ ಅಡ್ಡಗೆರೆ ಎಳೆಯಿತು. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದಳು, ಅದರ ಮೇಲೆ ಕೂತಳು. ಆ ಹಾಳಾದ ಕೈ ಬಿಡಿಸಿಕೊಂಡು ಇನ್ನೊಂದು ಪುಟ ಗೀಚಿತು! ಅವಳಿಗೆ ಅಳುವೇ ಬಂದುಬಿಟ್ಟಿತು.

ಆದರೆ ಅವಳ ಹಟ ಸರ್ ತಲೆಗೆ ಇಳಿದಿತ್ತಲ್ಲ! ಅವರು ಫ್ರಿಜ್ ಹಿಂದಿನಿಂದ ಎದ್ದು ಟೊಪ್ಪಿಗೆ ಸಮೇತ ಓಡಿದರು. ಕುಲಸಚಿವರ ಬಾಗಿಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. “ಶಾಂಭವಿಗೆ ಟೈಮ್ ಕೊಡೋತನಕ ನಾ ಏಳಂಗಿಲ್ಲ!” ಎಂದು ಗೋಳೋ ಎಂದು ಅತ್ತರು. ನಿವೃತ್ತಿಯ ಅಂಚಿನ ಪ್ರೊಫೆಸರ್ ಅಳುವುದನ್ನು ನೋಡಲಾರದೆ ಕುಲಸಚಿವರು ಆರು ತಿಂಗಳು ಕೊಟ್ಟೇಬಿಟ್ಟರು.

“ಮೇಡಂ, ಆರು ತಿಂಗಳು ಸಿಕ್ತ್ರಿ!” ಎಂದು ಸರ್ ಕುಣಿಯುತ್ತ ಬಂದರು.

ಶಾಂಭವಿಗೆ ಹೋದ ಜೀವ ಬಂದಂತಾಯಿತು. ಅವಳ ಬಾಯಿ ಮಾತ್ರ, “ಆರು ತಿಂಗಳು ಎಲ್ಲಿ ಸಾಕಾಗ್ತಾವ್ರಿ? ಈ ಪ್ರಬಂಧ ತಿದ್ದಾಕ ಎರಡು ವರ್ಷನಾದ್ರೂ ಬೇಕು!” ಎಂದಿತು.