ಮಾಮಿಯ ತೋಟದಲ್ಲಿ ನನಗೊಂದು ಸಾಲು

ನಮ್ಮ ಮಾಮಿಯಷ್ಟು ದೈವಭಕ್ತಿಯ ಹೆಂಗಸು ಈ ನೀಲಗಿರಿ ಬೆಟ್ಟದಲ್ಲೇ ಇಲ್ಲ ಎಂದು ನಮ್ಮ ಚರ್ಚಿನವರು ಹೇಳುತ್ತಾರೆ. ನಾನು ಹೇಳುವುದು ಬೇರೆ. ನಮ್ಮ ಮಾಮಿಯ ಹಾಗೆ ಇಷ್ಟೊಂದು ಜನರನ್ನು ಕಂಡರಾಗದ ಹೆಂಗಸು ಈ ಬೆಟ್ಟದಲ್ಲೇ ಇಲ್ಲ. ಎರಡೂ ನಿಜ. ಎರಡೂ ಒಂದೇ ಮುಕ್ಕಾಲು ಎಕರೆ ಚಹಾ ತೋಟದಲ್ಲಿ ಅಕ್ಕಪಕ್ಕ ಹೇಗೆ ಬೆಳೆದವು ಎಂದು ಕೇಳಿದರೆ ನೀವು ನಗುತ್ತೀರಿ. ನಗಿ. ನಾನೂ ನಗುತ್ತಿದ್ದೆ, ಆ ತೋಟದಲ್ಲಿ ನನ್ನ ಹೆಸರಿಗೂ ಒಂದು ಸಾಲು ಇದೆ ಎಂದು ಗೊತ್ತಾಗುವವರೆಗೆ.

ಮಾಮಿ ಎಂದರೆ ನನ್ನ ಅಪ್ಪನ ತಂಗಿ. ನಮ್ಮ ಬಡಗರಲ್ಲಿ ಸೋದರತ್ತೆಯನ್ನು ಹಾಗೆ ಕರೆಯುತ್ತೇವೆ. ವಯಸ್ಸು ಎಪ್ಪತ್ತು ದಾಟಿದೆ. ಗಂಡ ಹೋಗಿ ಇಪ್ಪತ್ತು ವರ್ಷ, ಒಬ್ಬನೇ ಮಗ ಹೋಗಿ ಹತ್ತು ವರ್ಷ. ಉಳಿದಿದ್ದು ಮನೆ, ಮನೆಯ ಕೆಳಗೆ ಇಳಿಜಾರಿನಲ್ಲಿ ಇಪ್ಪತ್ತೆರಡು ಸಾಲು ಚಹಾ ಗಿಡ, ಮತ್ತು ನಾಲಿಗೆ. ಮೂರನ್ನೂ ಚೆನ್ನಾಗಿಯೇ ಇಟ್ಟುಕೊಂಡಿದ್ದಾಳೆ.

ಮಗ ತೀರಿಕೊಂಡ ವರ್ಷವೇ ಒಂದು ಭಾನುವಾರ ಪಾಸ್ಟರಯ್ಯ ಉಪದೇಶ ಮಾಡಿದರು. ದೇವರ ಮೇಲೆ ಪ್ರೀತಿ ಬೆಳೆಯಬೇಕಾದರೆ ಸುಮ್ಮನೆ ಕಣ್ಣು ಮುಚ್ಚಿ ಕೂತರೆ ಆಗದು, ನಿಮಗೆ ಯಾರನ್ನು ಕಂಡರೆ ಆಗುವುದಿಲ್ಲವೋ ಅವರ ಒಳಿತಿಗಾಗಿ ದಿನವೂ ಕೈಯಾರೆ ಏನಾದರೂ ಮಾಡುತ್ತಾ ಜಪ ಮಾಡಿ ಎಂದರು. ನಾವೆಲ್ಲ ಆಮೆನ್ ಎಂದು ಮನೆಗೆ ಹೋಗಿ ಕೋಳಿ ಸಾರು ಉಂಡು ಮಲಗಿದೆವು. ಉಪದೇಶ ಇರುವುದೇ ಅದಕ್ಕಲ್ಲವೇ? ಮಾಮಿ ಮಾತ್ರ ಮನೆಗೆ ಹೋಗಿ ಬೆರಳು ಮಡಚಿ ಎಣಿಸಿದಳು. ತನಗೆ ಆಗದವರು ಒಟ್ಟು ಮೂವತ್ತೊಂದು ಜನ. ಇರುವುದು ಇಪ್ಪತ್ತೆರಡು ಸಾಲು.

ಮರುದಿನವೇ ಹಂಚಿಕೆ ಆಯಿತು. ಗಂಡ ಹೆಂಡತಿ ಇಬ್ಬರೂ ಆಗದಿದ್ದರೆ ಜೋಡಿಗೆ ಒಂದೇ ಸಾಲು. ಹನ್ನೆರಡು ವರ್ಷದ ಹಿಂದೆ ಕೊಂಡೊಯ್ದ ಸೌಟು ವಾಪಸು ಕೊಡದ ನಾದಿನಿಗೆ ಕಲ್ಲುಗುಂಡಿನ ಪಕ್ಕದ ಸಾಲು. ಎಲೆ ಕೊಳ್ಳುವ ಏಜೆಂಟನಿಗೆ ರಸ್ತೆಯ ಕಡೆಯ ಸಾಲು. ಉಪದೇಶ ಎರಡು ಗಂಟೆ ಎಳೆದದ್ದಕ್ಕೆ ಪಾಸ್ಟರಯ್ಯನಿಗೂ ಒಂದು.

ಸಾಲಿಗೆ ಹೆಸರಿಟ್ಟು ಏನು ಮಾಡುತ್ತಾಳೆ? ಹತ್ತು ದಿನಕ್ಕೊಮ್ಮೆ ಅದರ ಕುಡಿ ಚಿವುಟುತ್ತಾಳೆ. ಎರಡೆಲೆ, ಒಂದು ಕುಡಿ. ಒಂದೊಂದು ಚಿವುಟಿಗೂ ಒಂದೊಂದು ಜಪ. ಅದನ್ನಾದರೂ ಮನಸ್ಸಿನಲ್ಲಿ ಮಾಡುತ್ತಾಳೆಯೇ? ಪಕ್ಕದ ತೋಟದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಕೇಳುವಷ್ಟು ಗಟ್ಟಿಯಾಗಿ ಮಾಡುತ್ತಾಳೆ.

"ಕರ್ತನೇ, ಈ ಏಜೆಂಟನ ಸೊಂಟನೋವು ವಾಸಿ ಮಾಡು. ಒಣ ಎಲೆಯನ್ನು ಒದ್ದೆ ಎಂದು ತೂಕ ಮುರಿಯುವವನು ಎಂದು ನಿನಗೂ ಗೊತ್ತು, ಎನಗೂ ಗೊತ್ತು. ಆದರೂ ವಾಸಿ ಮಾಡು."

ಮನೆಗೆ ಅಂಟಿಕೊಂಡಿರುವ ಮೊದಲ ಸಾಲೊಂದರಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅಲ್ಲಿ ಏನೋ ದೊಡ್ಡ ಧ್ಯಾನ ನಡೆಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಚಹಾ ಗಿಡದ ಗುಣ ನಿಮಗೆ ಗೊತ್ತಿರಬಹುದು. ಹೊತ್ತಿಗೆ ಸರಿಯಾಗಿ ಚಿವುಟಿದಷ್ಟೂ ಅದು ಚಿಗುರುತ್ತದೆ. ಹಾಗಾಗಿ ಮಾಮಿಗೆ ಯಾರ ಮೇಲೆ ಹೆಚ್ಚು ಸಿಟ್ಟೋ ಅವರ ಸಾಲು ಹೆಚ್ಚು ಹಸಿರು. ಸಿಟ್ಟು ಪೂರ್ತಿ ಇಳಿದ ದಿನ ಆ ಸಾಲನ್ನು ಅವಳು ಮುಟ್ಟುವುದನ್ನೇ ಬಿಡುತ್ತಾಳೆ. ಅದು ಎದೆಮಟ್ಟ ಬೆಳೆದು ನಿಂತು, ಕೂಲಿ ಹೆಂಗಸರು ಪುರುಸೊತ್ತಾದಾಗ ಬಂದು ಕತ್ತರಿ ಹಾಕಬೇಕು. ನಾದಿನಿ ಸೌಟು ತಂದುಕೊಟ್ಟ ಮೇಲೆ ಕಲ್ಲುಗುಂಡಿನ ಸಾಲು ಹಾಗೆ ಕಾಡಾಗಿತ್ತು. ಏಜೆಂಟನ ಸಾಲು ಒಂದು ದಿನವೂ ಕಾಡಾದದ್ದಿಲ್ಲ.

"ಮಾಮಿ, ಎನ್ನ ಸಾಲು ಹೆಂಗಿದೆ?" ಎಂದು ಅವನು ಹಲ್ಲು ಕಿರಿಯುತ್ತಾ ಕೇಳುತ್ತಿದ್ದ.

"ಬಲು ಚೆನ್ನಾಗಿದೆ. ನೀ ಒಂದು ತಿಂಗಳು ನೆಟ್ಟಗೆ ತೂಕ ಮಾಡು, ಹಾಳಾಗುತ್ತೆ."

ಚರ್ಚಿನಲ್ಲಿ ಹಾಡು ಎತ್ತಿಕೊಡುವ ಹೆಂಗಸೊಬ್ಬಳಿಗೆ ಸಾಲೇ ಇರಲಿಲ್ಲ. ಊರಿಗೆಲ್ಲ ಇದೆ, ಎನಗ ಏಕ ಇಲ್ಲೆ ಎಂದು ಅವಳು ಮನೆಗೇ ಬಂದು ಜಗಳ ತೆಗೆದಳು. "ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ನೀ ಎನಗ ನೆನಪಾಗುವುದೇ ಇಲ್ಲೆ" ಎಂದಳು ಮಾಮಿ. ಆ ಹೆಂಗಸು ಚರ್ಚಿನಲ್ಲಿ ಒಂದು ತಿಂಗಳು ಮುಖ ತಿರುಗಿಸಿಕೊಂಡು ಹಾಡಿದಳು. ಐದನೇ ವಾರಕ್ಕೆ ಅವಳಿಗೂ ಸಾಲು ಸಿಕ್ಕಿತು.

ಒಮ್ಮೆ ಕಾಡಿನಿಂದ ಕಾಟಿಯೊಂದು ಇಳಿದು ಬಂದು ಪಾಸ್ಟರಯ್ಯನ ಸಾಲಿನಲ್ಲಿ ಕೂತುಬಿಟ್ಟಿತು. ನಮ್ಮ ಕಡೆ ಕಾಡೆಮ್ಮೆಗೆ ಕಾಟಿ ಎನ್ನುತ್ತೇವೆ. ಅದು ಕೂತರೆ ಏಳಿಸುವ ಗಂಡಸು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಅರಣ್ಯ ಇಲಾಖೆಯ ಇಬ್ಬರು ಬಂದು ದೂರದಲ್ಲಿ ನಿಂತು ತಟ್ಟೆ ಬಡಿದರು. ಮಾಮಿ ಜಗಲಿಯಲ್ಲಿ ಕಾಲು ಚಾಚಿ ಕೂತು, "ಬಡಿಯಬೇಡಿ, ಆ ಸಾಲಿಗೆ ಬಂದವರು ಬೇಗ ಮುಗಿಸುವುದಿಲ್ಲ" ಎಂದಳು. ಕಾಟಿ ಸಂಜೆಯವರೆಗೆ ಕೂತಿತ್ತು.

ಇದನ್ನೆಲ್ಲ ನಾನು ಊಟಿಯ ಆಫೀಸಿನಲ್ಲಿ ಹೇಳಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಗುಮಾಸ್ತೆಯ ಕೆಲಸ ನನ್ನದು. ನಗುವುದಕ್ಕೆ ಅಲ್ಲಿ ಬೇರೇನಿದೆ? ಪ್ರತಿ ಎರಡನೇ ಶನಿವಾರ ಬಸ್ಸು ಹತ್ತಿ ಮಾಮಿಯ ಮನೆಗೆ ಹೋಗುತ್ತಿದ್ದೆ. ಬರಿಗೈಯಲ್ಲಿ ಹೋದದ್ದಿಲ್ಲ. ಮಾರ್ಕೆಟ್ಟಿನ ಬೇಕರಿಯಿಂದ ಗರಿಗರಿ ಪದರದ ಬಿಸಿ ವರ್ಕಿ, ಮೊಣಕಾಲಿಗೆ ಎಣ್ಣೆ, ಚಳಿಗಾಲದಲ್ಲಿ ಉಣ್ಣೆ ಕಾಲುಚೀಲ. ಹೋದ ವರ್ಷ ಒಂದು ಶನಿವಾರ ಪಕ್ಕದ ತೋಟದಾಕೆ ಬೇಲಿಯಾಚೆಯಿಂದ ಕೂಗಿ ಹೇಳಿದಳು: "ಈ ಸಲ ನಿನ್ನ ಸಾಲಲ್ಲಿ ಕುಡಿ ಭಾರೀ ಬಂದಿದೆ ಕಣಮ್ಮ."

ನನ್ನ ಸಾಲು.

ಮನೆಯಿಂದ ಎರಡನೇ ಸಾಲು. ಕಣ್ಣು ಕುಕ್ಕುವಷ್ಟು ಹಸಿರು. ನಾನು ನೇರ ಒಳಗೆ ಹೋದೆ. ಮಾಮಿ ನಾನೇ ತಂದ ವರ್ಕಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು.

"ಎನ್ನ ಹೆಸರಿನ ಸಾಲು ಎಷ್ಟು ವರ್ಷದಿಂದ ಇದೆ?"

"ಒಂಬತ್ತು."

"ನಾ ಏನು ತಪ್ಪು ಮಾಡಿದೆ?"

"ನಿನಗ ನೆನಪಿಲ್ಲೆಯಾ?"

"ಇಲ್ಲೆ."

"ಹಂಗಾದರ ಇನ್ನೂ ಒಂದಷ್ಟು ದಿನ ಚಿವುಟಬೇಕು" ಎಂದು ಇನ್ನೊಂದು ವರ್ಕಿ ತೆಗೆದುಕೊಂಡಳು.

ಒಂಬತ್ತು ವರ್ಷ ನಾನು ತಂದದ್ದನ್ನೇ ತಿಂದು, ನಾನು ತಂದ ಎಣ್ಣೆಯನ್ನೇ ಮೊಣಕಾಲಿಗೆ ತಿಕ್ಕಿಕೊಂಡು, ಆ ಮೊಣಕಾಲಿನ ಮೇಲೇ ನಿಂತು ನನ್ನನ್ನು ಸಹಿಸಿಕೊಳ್ಳುವ ಶಕ್ತಿ ಕೊಡು ಎಂದು ದೇವರನ್ನು ಬೇಡಿದ್ದಾಳೆ. ನಾನೇನು ಮಾಡಿದ್ದೆ? ಮದುವೆಯ ಕಾಗದದಲ್ಲಿ ಅವಳ ಹೆಸರು ಕೆಳಗೆ ಅಚ್ಚಾಗಿತ್ತೇ? ಅವಳು ಮಾಡಿದ ಅವರೆಕಾಳು ಸಾರಿಗೆ ಉಪ್ಪು ಹೆಚ್ಚು ಎಂದಿದ್ದೆನೇ? ಎಷ್ಟು ಕೆದಕಿದರೂ ಹೊಳೆಯಲಿಲ್ಲ. ಸಾಲು ಕೊಟ್ಟು ಕಾರಣ ಕೊಡದ ಭಕ್ತಿಯೂ ಒಂದು ಭಕ್ತಿಯೇ? ಇಂಥ ಪ್ರೀತಿ ಯಾರಿಗೆ ಬೇಕು ಎಂದು ಹೋಗುವುದನ್ನೇ ನಿಲ್ಲಿಸಿದೆ. ಆರು ತಿಂಗಳು ಆ ಬಸ್ಸು ಹತ್ತಲಿಲ್ಲ. ಆಫೀಸಿನಲ್ಲಿ ಮಾಮಿಯ ಕಥೆ ಕೇಳಿದರೆ ನನಗೆ ಫೈಲು ಬಹಳ ಇದೆ ಎನ್ನುತ್ತಿದ್ದೆ. ಎಲ್ಲರೂ ನಗುವಾಗ ಆ ಕಥೆಯಲ್ಲಿ ನಾನೂ ಒಬ್ಬಳು ಎಂದು ಹೇಗೆ ಹೇಳಲಿ?

ಆಮೇಲೆ ಪಕ್ಕದ ತೋಟದಾಕೆಯೇ ಫೋನು ಮಾಡಿದಳು. ಮಾಮಿ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಊದಿದೆ, ಸ್ಟೂಲು ಹಾಕಿಕೊಂಡು ಕೂತೇ ಎಲೆ ಚಿವುಟುತ್ತಾಳೆ, ಹೇಳಿದರೆ ಕೇಳುವುದಿಲ್ಲ. ನಾನು ಹೋದೆ. ಪ್ರೀತಿಯಿಂದ ಹೋದೆ ಎಂದು ಸುಳ್ಳು ಹೇಳುವುದಿಲ್ಲ. ಈಗ ಎದ್ದು ಒಳಗೆ ಹೋಗಲಾರಳು, ಕೂರಿಸಿಕೊಂಡು ಕೇಳಿಯೇಬಿಡೋಣ ಎಂದು ಹೋದೆ.

ಮಾಮಿ ಮೊದಲ ಸಾಲಿನಲ್ಲಿ ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ, ತಲೆಗೆ ಬಿಳಿ ಬಟ್ಟೆ. ನನ್ನ ಕಣ್ಣು ಹೋದದ್ದು ಎರಡನೇ ಸಾಲಿಗೆ. ಅದು ಎದೆಮಟ್ಟ ಬೆಳೆದು, ಎಲೆ ಮುತ್ತಿ, ಕಾಡಾಗಿ ನಿಂತಿತ್ತು. ನೋಡಿ ನನಗೆ ಇನ್ನೂ ಅವಮಾನವಾಯಿತು. ಸಿಟ್ಟು ಮಾಡಿಕೊಳ್ಳುವುದಕ್ಕೂ ನಾನು ಬೇಡವಾದೆನೇ?

"ಎನ್ನ ಸಾಲು ಏಕ ಹಿಂಗಾಗಿದೆ? ಮೊಣಕಾಲು ನೋವು ಅಂತ ಬಿಟ್ಟೆಯಾ?"

"ಮೊಣಕಾಲು ನೋವಿದ್ದರೂ ನಿನ್ನೆ ಏಜೆಂಟನ ಸಾಲು ಮುಗಿಸಿದೆ" ಎಂದಳು, ತಲೆ ಎತ್ತದೆ.

ನನಗೆ ಅರ್ಥವಾಗುವಷ್ಟರಲ್ಲಿ ಅವಳೇ ಹೇಳಿದಳು: "ಆರು ತಿಂಗಳು ನೀ ಬರಲಿಲ್ಲ. ಎರಡನೇ ಶನಿವಾರ ಬಸ್ಸು ನಿಂತ ಸದ್ದಾದರ ಎದ್ದು ಎದ್ದು ನೋಡುತ್ತಿದ್ದೆ. ಆಗದವಳಿಗೆ ಯಾರಾದರೂ ಹಂಗೆ ಕಾಯುತ್ತಾರಾ, ಹೆಣ್ಣೆ? ಸರಿ, ಮುಗಿಯಿತು ಅಂತ ಬಿಟ್ಟೆ."

ಜಗಳಕ್ಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಇನ್ನು ಯಾವ ಕೆಲಸಕ್ಕೂ ಬಾರದು. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ: "ಈ ಮೊದಲ ಸಾಲು ಯಾರದು? ಯಾವಾಗ ನೋಡಿದರೂ ಎಲ್ಲಕ್ಕಿಂತ ಹಸಿರು."

"ಕರ್ತನದು."

"ಓ, ಕಾಣಿಕೆಯ ಸಾಲಾ?"

"ಅಲ್ಲ. ಉಳಿದವರದು ಹೆಂಗೋ ಹಂಗೇ."

ಅವಳ ಬೆರಳು ಚಿವುಟುತ್ತಲೇ ಇತ್ತು. ಊರಿಗೆ ಊರೇ ಧ್ಯಾನ ಎಂದುಕೊಂಡದ್ದು ಇದನ್ನು. ಒಂಬತ್ತು ವರ್ಷದಿಂದ ಆ ಸಾಲಿನಲ್ಲಿ ಅವಳು ಬಾಯಿ ಬಿಡದ ಕಾರಣವೂ ಇದೇ. ಉಳಿದವರ ಮೇಲಿನ ದೂರನ್ನು ಅವನಿಗೆ ಹೇಳಬಹುದು. ಅವನ ಮೇಲಿನ ದೂರನ್ನು ಯಾರಿಗೆ ಹೇಳುವುದು?

"ಕೊಯಮತ್ತೂರು ಆಸ್ಪತ್ರೆಯಿಂದ ಎನ್ನ ಮಗನನ್ನು ತಂದು ಇಳಿಸಿದ ದಿನ," ಎಂದಳು ಮಾಮಿ, "ನೀ ಎನ್ನ ಕೈ ಹಿಡಿದು ಒಂದು ಮಾತು ಹೇಳಿದೆ. ದೇವರಿಗೆ ಅವನು ಬೇಕಾಗಿದ್ದ, ಅದಕ್ಕೆ ಕರೆದುಕೊಂಡ ಅಂತ. ಎನಗ ಬೇಕಾಗಿರಲಿಲ್ಲೆಯಾ? ಮಾಡಿದ್ದು ಕರ್ತ, ಹೇಳಿದ್ದು ನೀ. ಅದಕ್ಕೆ ಇಬ್ಬರಿಗೂ ಪಕ್ಕಪಕ್ಕದ ಸಾಲು ಕೊಟ್ಟೆ."

ಹೇಳಿದ್ದೆನೇ? ಹೇಳಿರಲೇಬೇಕು. ಸಾವಿನ ಮನೆಯಲ್ಲಿ ಎಲ್ಲರೂ ಹೇಳುವ ಮಾತದು. ನಾಲ್ಕು ಜನರ ಬಾಯಲ್ಲಿ ಕೇಳಿದ್ದನ್ನು ನಾನೂ ಹೇಳಿ, ಕೈ ಒರೆಸಿಕೊಂಡು ಬಸ್ಸು ಹತ್ತಿ, ಮರೆತು ಒಂಬತ್ತು ವರ್ಷ ಹಾಯಾಗಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ತಪ್ಪಾಯಿತು ಮಾಮಿ ಎಂದೆ. ಅವಳು ಸ್ಟೂಲು ತೋರಿಸಿ, "ಮಾತು ಸಾಕು, ಇದನ್ನು ಮುಂದಿನ ಗಿಡಕ್ಕೆ ಹಾಕು" ಎಂದಳು.

ಅವಳನ್ನು ತೋಳು ಹಿಡಿದು ಎಬ್ಬಿಸಿ, ಸ್ಟೂಲು ಮುಂದಕ್ಕೆ ಹಾಕಿ, ಮತ್ತೆ ಕೂರಿಸಿ, ಹೀಗೆ ಗಿಡದಿಂದ ಗಿಡಕ್ಕೆ ಸಾಗಿದೆವು. ನಾನು ಚಿವುಟಿಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಈ ಸಾಲು ತಾನೇ ಮಾಡಬೇಕಂತೆ. ಇನ್ನೂ ಎರಡು ಗಿಡ ಇರುವಾಗ ಹಾಳೆ ಬಿಚ್ಚಿ, ಚೀಲ ನನ್ನ ಕೈಗೆ ಕೊಟ್ಟು, ಮನೆಗೆ ನಡೆ ಎಂದಳು.

"ಈ ಎರಡು ಗಿಡ ಉಳಿದಿದೆಯಲ್ಲ ಮಾಮಿ."

ಮಾಮಿ ನನ್ನ ಹೆಗಲ ಮೇಲೆ ಭಾರ ಬಿಟ್ಟು ತಿರುಗಿ ಆ ಎರಡು ಗಿಡಗಳನ್ನು ನೋಡಿದಳು. ತುದಿಯ ಗಿಡ ಎದೆಮಟ್ಟ ಬೆಳೆದಿತ್ತು. ಅದರ ಪಕ್ಕದ್ದು ಈಗಷ್ಟೇ ಮೇಲೇಳುತ್ತಿತ್ತು.

"ಇರಲಿ ಬಿಡು, ಹೆಣ್ಣೆ" ಎಂದಳು. "ಹೋದ ವರ್ಷ ಒಂದೇ ಬಿಟ್ಟಿದ್ದೆ."