ಒಲೆ ಪಕ್ಕದ ಬೆಂಚು ಬೇಡ

ಇಂದ:
ಸಿರಿಲ್ ಒಡಾರ್,
ಅತಿಥಿಗೃಹದ ಯಜಮಾನ, ಹಾಗೂ ದೋಣಿ, ಹೆಲ್ಮೆಟ್ಟು, ಹಗ್ಗಗಳನ್ನು ಬಾಡಿಗೆಗೆ ಕೊಡುವವನು,
ಸರೋವರದ ದಂಡೆ, ಬೋಹಿನ್ ಕಣಿವೆ, ಸ್ಲೊವೇನಿಯಾ.

ಗೆ:
ಮಾನ್ಯ ಅಧ್ಯಕ್ಷರಾದ ಲೊವ್ರೆನ್ಸ್ ಅವರು,
ಗ್ರಾಮ ಪರ್ವತಾರೋಹಿಗಳ ಸಂಘ,
ಅರ್ಜಿದಾರನ ಮನೆಯ ಬೇಲಿಯಾಚೆ.

ವಿಷಯ: ಊರ ಹೋಟೆಲಿನಲ್ಲಿ ಒಲೆ ಪಕ್ಕದ ಬೆಂಚಿನ ಮೇಲೆ ಅರ್ಜಿದಾರನಿಗೆ ದಯಪಾಲಿಸಿರುವ ಸ್ಥಾನವನ್ನು ರದ್ದುಪಡಿಸಿ, ಆತನನ್ನು ಬಾಗಿಲ ಬಳಿಯ ಬೆಂಚಿಗೆ ವಾಪಸು ಕಳಿಸುವ ಕುರಿತು.

ಉಲ್ಲೇಖ:
1. ಸಂಘವು ಚಪ್ಪಾಳೆ ತಟ್ಟಿ ಕೈಗೊಂಡ ನಿರ್ಣಯ (ಸಂಖ್ಯೆ ಇಲ್ಲ, ಬರೆದುಕೊಳ್ಳಬೇಕಾದ ಕಾರ್ಯದರ್ಶಿಗಳು ಆ ಹೊತ್ತಿಗೆ ಹಾಡುತ್ತಿದ್ದರು).
2. ಕಳೆದ ಭಾನುವಾರ ಬೇಲಿಯ ಬಳಿ ನಡೆದ ಮೌಖಿಕ ವಿಚಾರಣೆ.
3. ಪುಟ್ಟ ತ್ರಿಗ್ಲಾವಿನ ಮೇಲೆ ಅರ್ಜಿದಾರನ ಹಿಂಭಾಗಕ್ಕೆ ಬಿದ್ದ ಏಟುಗಳು.

ಮಾನ್ಯರೇ,

ಉಲ್ಲೇಖ ಎರಡರಲ್ಲಿ ತಾವು, "ಲೋ ಸಿರಿಲ್, ಬಾಯಲ್ಲಿ ಹೇಳಿದ್ರೆ ನಡೆಯಲ್ಲ ಕಣೋ. ಕೊಟ್ಟಿದ್ದನ್ನ ವಾಪಸ್ ತಗೋಬೇಕು ಅಂದ್ರೆ ಅರ್ಜಿ ಬೇಕು. ಅದ್ರಲ್ಲಿ ನಾನು ನೀನು ಅಂತೆಲ್ಲ ಬರೀಬೇಡ. ಅರ್ಜಿದಾರ ಅಂತ ಬರಿ, ಮರ್ಯಾದೆಯಾಗಿರುತ್ತೆ" ಎಂದು ಅಪ್ಪಣೆ ಕೊಡಿಸಿ, ಬೇಲಿಯ ಮೇಲಿಂದಲೇ ಅರ್ಜಿದಾರನ ಮರದ ಪ್ಲಮ್ ಹಣ್ಣು ಕಿತ್ತು ತಿಂದಿರಿ. ಹಣ್ಣಿನ ಬಗ್ಗೆ ತಕರಾರಿಲ್ಲ. ಅಪ್ಪಣೆಯ ಪ್ರಕಾರ ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ಈ ದೇಶದಲ್ಲಿ ಹುಟ್ಟಿದವನು ಜನ್ಮದಲ್ಲಿ ಒಮ್ಮೆಯಾದರೂ ತ್ರಿಗ್ಲಾವ್ ಬೆಟ್ಟ ಹತ್ತಬೇಕು, ಹತ್ತದವನು ಈ ದೇಶದವನೇ ಅಲ್ಲ ಎಂಬ ಮಾತು ತಮಗೆ ತಿಳಿದದ್ದೇ. ಮೊದಲ ಸಲ ತುದಿ ಮುಟ್ಟಿದವನನ್ನು ಅಲ್ಲಿನ ತಗಡಿನ ಗೋಪುರದ ಪಕ್ಕ ಬಗ್ಗಿಸಿ, ಮೊದಲೇ ಹತ್ತಿದವರು ಹಗ್ಗದಿಂದ ಹಿಂಭಾಗಕ್ಕೆ ಬಾರಿಸುವುದೂ ತಿಳಿದದ್ದೇ; ಊರಿನ ಹಗ್ಗ ತಮ್ಮ ವಶದಲ್ಲೇ ಇದೆ. ಈ ಊರಿನಲ್ಲಿ ಆ ಪದ್ಧತಿಗೊಂದು ಬಾಲವೂ ಉಂಟು. ಏಟು ತಿಂದವರಿಗೆ ಮಾತ್ರ ಹೋಟೆಲಿನ ಒಲೆ ಪಕ್ಕದ ಬೆಂಚು. ತಿನ್ನದವರು ಚಳಿಗಾಲವಿಡೀ ಬಾಗಿಲ ಬಳಿ. ಬಾಗಿಲ ಬಳಿ ಇಷ್ಟು ವರ್ಷ ಕೂತವರು ಅರ್ಜಿದಾರ, ಸ್ಕೂಲು ಮಕ್ಕಳು ಮತ್ತು ಪಾದ್ರಿಗಳ ನಾಯಿ. ಹೋದ ವರ್ಷ ನಾಯಿಯೂ ಹತ್ತಿ ಬಂತು.

2. ಅರ್ಜಿದಾರನಿಗೆ ನೀರಿನ ಭಯವಿಲ್ಲ, ಕತ್ತಲೆಯ ಭಯವಿಲ್ಲ, ಹೆಂಡತಿಯ ಭಯ ಇರಬೇಕಾದಷ್ಟೇ ಇದೆ. ಎತ್ತರದ ಭಯ ಮಾತ್ರ ಹೇಳತೀರದು. ಚೆರಿ ಹಣ್ಣು ಕೀಳುವಾಗ ಏಣಿ ಹತ್ತುವವಳು ಹೆಂಡತಿ ಮಿಲ್ಕಾ, ಏಣಿ ಹಿಡಿದುಕೊಳ್ಳುವವನು ಅರ್ಜಿದಾರ. ತಲೆ ತಿರುಗುವುದು ಹಿಡಿದುಕೊಂಡವನಿಗೆ.

ವಿಪರ್ಯಾಸವೆಂದರೆ ಆತನ ಹೊಟ್ಟೆಪಾಡೇ ಎತ್ತರದಿಂದ. ಯುರೋಪು ನೋಡಲು ಬರುವವರಿಗೆ ಈಗ ಚರ್ಚು ಅರಮನೆ ನೋಡಿದರೆ ಸಮಾಧಾನವಿಲ್ಲ, ರಜಾದಲ್ಲೂ ಮೈ ಬೆವರಬೇಕು. ಬೆಳಿಗ್ಗೆ ಕಂದರದ ಬಂಡೆಗಳ ಮೇಲೆ ನೀರಿನೊಂದಿಗೆ ಜಾರುತ್ತಾರೆ, ಮಧ್ಯಾಹ್ನ ಬೆನ್ನಿಗೆ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರುತ್ತಾರೆ, ಸಂಜೆ ಮೊಣಕೈಗೆ ಪಟ್ಟಿ ಸುತ್ತಿಸಿಕೊಂಡು "ಎಂಥಾ ವಿಶ್ರಾಂತಿ" ಎನ್ನುತ್ತಾರೆ. ಇವರಿಗೆ ಹೆಲ್ಮೆಟ್ಟು ಬಿಗಿದು, ಬೆನ್ನು ತಟ್ಟಿ, "ಏನೂ ಆಗಲ್ಲ, ಹೋಗಿ ಬನ್ನಿ" ಎಂದು ಕಳಿಸುವವನು ಅರ್ಜಿದಾರ. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ" ಎಂದು ಮಿಲ್ಕಾ ಅಡುಗೆಮನೆಯಿಂದಲೇ ಹೇಳುತ್ತಾಳೆ. ದೂರದ ಬೆಟ್ಟ ನುಣ್ಣಗೆ ಎಂಬುದನ್ನು ನಂಬಿ, ಬೆಟ್ಟ ನುಣ್ಣಗೆ ಕಾಣುವಷ್ಟು ದೂರದಲ್ಲೇ ಅರ್ಜಿದಾರ ಅರವತ್ತರ ಹತ್ತಿರ ಬಂದ. ಬಾವುಟದ ಮೇಲೆ ಆ ಬೆಟ್ಟವಿದೆ, ಐವತ್ತು ಸೆಂಟಿನ ನಾಣ್ಯದ ಮೇಲೂ ಇದೆ. ಜೇಬಿನಲ್ಲಿರುವ ಬೆಟ್ಟ ಸಾಕು ಎಂಬುದು ಆತನ ನಿಲುವಾಗಿತ್ತು.

3. ಅರ್ಜಿದಾರನ ಒಬ್ಬಳೇ ಮಗಳು ಬ್ರಿನಾ ಬೆಟ್ಟದ ಮಾರ್ಗದರ್ಶಿ. ಅದು ತಾಯಿಯ ಕಡೆಯಿಂದ ಬಂದದ್ದು. ಕೆಲವು ವರ್ಷಗಳ ಹಿಂದೆ ಹಾಲೆಂಡಿನಿಂದ ಯೋರಿಸ್ ಎಂಬ ಹುಡುಗ ವಾರದ ರಜೆಗೆಂದು ಅರ್ಜಿದಾರನ ಅತಿಥಿಗೃಹಕ್ಕೆ ಬಂದ. ಅವನ ಊರು ಸಮುದ್ರಕ್ಕಿಂತ ತಗ್ಗಿನಲ್ಲಿದೆ. ಅಲ್ಲಿ ಎತ್ತರ ಅಂದರೆ ಸೇತುವೆ. ಇಲ್ಲಿಗೆ ಬಂದವನು ಮೊದಲು ಬಂಡೆಯಿಂದ ಜಾರಿ ಹೆಬ್ಬೆರಳು ಮುರಿದುಕೊಂಡ, ಆಮೇಲೆ ರೆಕ್ಕೆಯ ಸಮೇತ ತಮ್ಮ ಹುಲ್ಲಿನ ಬಣವೆಯ ಮೇಲೆ ಇಳಿದ, ಕೊನೆಗೆ ಬ್ರಿನಾಳ ಹಿಂದೆ ತ್ರಿಗ್ಲಾವ್ ಹತ್ತಿ ಹಗ್ಗದ ಏಟು ತಿಂದು ಬಂದ. ರಜೆ ಮುಗಿಯಿತು, ಅವನು ವಾಪಸು ಹೋಗಲಿಲ್ಲ. ಆ ಚಳಿಗಾಲ ಒಲೆ ಪಕ್ಕ ಕೂತು, "ಮಾವ, ಅಲ್ಲಿ ಬಾಗಿಲ ಗಾಳಿ ಬರುತ್ತೆ ಅಲ್ವಾ? ನನ್ ಕೋಟು ಕೊಡ್ಲಾ?" ಎಂದು ಕೇಳಿದ. ಹುಡುಗ ಹಂಗಿಸಲು ಕೇಳಿದ್ದಲ್ಲ, ನಿಜವಾದ ಕಾಳಜಿಯಿಂದ ಕೇಳಿದ್ದು. ಅದೇ ಹೆಚ್ಚು ಚುಚ್ಚಿತು.

4. ಈ ವರ್ಷ ಚೆರಿ ಹಣ್ಣಿನ ಕಾಲದಲ್ಲಿ ಬ್ರಿನಾ ಊಟದ ನಡುವೆ, "ಅಪ್ಪಾ, ನಮ್ಮ ಮದುವೆ ಸೆಪ್ಟೆಂಬರಲ್ಲಿ. ತ್ರಿಗ್ಲಾವ್ ತುದೀಲಿ, ಗೋಪುರದ ಪಕ್ಕ" ಎಂದಳು. ಅವಳಿಗೆ ಇದು ಇವತ್ತಿನ ಆಸೆಯಲ್ಲ. ಚಿಕ್ಕವಳಿದ್ದಾಗ ಗೊಂಬೆಗಳ ಮದುವೆಯನ್ನೂ ಅಡುಗೆಮನೆಯ ಬೀರುವಿನ ಮೇಲೆಯೇ ಮಾಡಿಸಿದ್ದಳು.

"ಒಳ್ಳೇದಮ್ಮ" ಎಂದು ಹೇಳಿ ಅರ್ಜಿದಾರ ಹೆಲ್ಮೆಟ್ಟುಗಳನ್ನು ಒರೆಸಲು ಕೊಟ್ಟಿಗೆಗೆ ಹೋದ. ಅವು ಆಗಲೇ ಒರೆಸಿದ್ದವು. ಮಿಲ್ಕಾ ಹಿಂದೆಯೇ ಬಂದಳು.

"ಏನ್ರೀ, ಮಗಳ ಮದುವೆಗೆ ಕೆಳಗಡೆ ದುರ್ಬೀನು ಹಿಡ್ಕೊಂಡು ನಿಂತ್ಕೋತೀರಾ?"

"ದುರ್ಬೀನು ಒಳ್ಳೇದಿದೆ ಕಣೆ."

"ಅವಳು ನಿಮ್ಮನ್ನ ಬಾ ಅಂತ ಕರೀಲಿಲ್ಲ, ಗಮನಿಸಿದ್ರಾ? ಕರೆದ್ರೆ ನೀವು ಹೆದರ್ಕೊಂಡೇ ಬರ್ತೀರಿ, ಬಂದು ಎಲ್ಲಾದ್ರೂ ಬೀಳ್ತೀರಿ ಅಂತ ಅವಳಿಗೆ ಸಂಕಟ. ಬರ್ತೀನಿ ಅಂತ ನೀವೇ ಹೇಳ್ಬೇಕು."

ಆ ಕಾರಣ ಅರ್ಜಿದಾರ ಊಟದ ಮೇಜಿಗೆ ಮರಳಿ, ಬರುತ್ತೇನೆಂದು ಹೇಳಿದ. ಬ್ರಿನಾ ಚಮಚ ಕೆಳಗಿಟ್ಟು ಅಪ್ಪನ ಮುಖವನ್ನೇ ನೋಡಿದಳು, ಆಮೇಲೆ ಎದ್ದು ಬಂದು ಅವನ ತಲೆಯ ಮೇಲೆ ಗಲ್ಲ ಊರಿ ನಿಂತಳು. ಆ ಸಂಜೆಯೇ ಊರಿನಲ್ಲಿ ಬಾಜಿ ಶುರುವಾಯಿತು. ತಾವು ಅರ್ಜಿದಾರನ ವಿರುದ್ಧ ಒಂದು ಪೀಪಾಯಿ ಬಿಯರು ಕಟ್ಟಿದ್ದು ಆತನಿಗೆ ಗೊತ್ತಿದೆ.

5. ಅಭ್ಯಾಸದ ಬಗ್ಗೆ. ಆಗ ಅತಿಥಿಗೃಹದಲ್ಲಿ ಸ್ಕಾಟ್ಲೆಂಡಿನ ಮೊರಾಗ್ ಎಂಬ ಅಜ್ಜಿ ತಂಗಿದ್ದರು. ಹಲ್ಲಿನ ಡಾಕ್ಟರಾಗಿ ನಿವೃತ್ತರು. ಎಪ್ಪತ್ತು ದಾಟಿದೆ, ಮಂಡಿ ಎರಡೂ ಆಪರೇಷನ್ ಆದವು. ಬೆಳಿಗ್ಗೆ ಓಟ್ಸ್ ಗಂಜಿ ಕುಡಿದು ಸರೋವರ ಈಜಿ ಬಂದಮೇಲೇ ಅವರಿಗೆ ದಿನ ಶುರು. ಅವರು ಅರ್ಜಿದಾರನ ಕಿವಿ ಹಿಡಿಯುವುದೊಂದು ಬಾಕಿ, ಎಲ್ಲ ಕಡೆಗೂ ಎಳೆದುಕೊಂಡು ಹೋದರು. ತಂತಿಗೆ ಜೋತುಬಿದ್ದು ಕಂದರ ದಾಟುವ ಆಟದಲ್ಲಿ ಆತ ಹೆದರಿ ಬ್ರೇಕು ಒತ್ತಿ ನಟ್ಟನಡುವೆ ನಿಂತುಹೋದ. ಎಳೆದು ತರಲು ಮಗಳೇ ತಂತಿ ಹಿಡಿದು ಬರಬೇಕಾಯಿತು.

"ಕಣ್ಣು ಬಿಡಪ್ಪಾ."

"ಬಿಟ್ಟಿದೀನಿ."

"ಬಿಟ್ಟಿಲ್ಲ."

ಜೋಡಿ ರೆಕ್ಕೆಯಲ್ಲಿ ಹಾರಿಸಿದ ಹುಡುಗನ ತೋಳಿನ ಮೇಲೆ ಅರ್ಜಿದಾರನ ಉಗುರಿನ ಗುರುತು ಇನ್ನೂ ಇದೆಯಂತೆ. ಆದರೂ ಬೇಸಿಗೆ ಮುಗಿಯುವ ಹೊತ್ತಿಗೆ ಆತ ಏಣಿಯ ಮೇಲೆ ನಿಂತು ತಾನೇ ಪ್ಲಮ್ ಹಣ್ಣು ಕಿತ್ತ. ಮಿಲ್ಕಾ ಕೆಳಗೆ ಏಣಿ ಹಿಡಿದು ಅತ್ತಳು. ಹೊಗೆ ಕಣ್ಣಿಗೆ ಹೋಯಿತು ಎಂದಳು. ಹೊಗೆ ಇರಲಿಲ್ಲ.

ಸ್ಕಾಟ್ಲೆಂಡಿಗೆ ಹೊರಡುವ ಮುಂಚೆ ಮೊರಾಗ್ ಅಜ್ಜಿ ಹೇಳಿದ್ದು ಇಷ್ಟು: "ಕೆಳಗಡೆ ನೋಡ್ಬೇಡಪ್ಪ, ಮೇಲೂ ನೋಡ್ಬೇಡ. ಮುಂದೆ ಹೋಗೋರ ಬೂಟು ನೋಡ್ಕೊಂಡು ಹೋಗು. ನಾನು ಹಲ್ಲು ಕೀಳೋವಾಗ ಬಾಯೆಲ್ಲಾ ನೋಡ್ತಿದ್ನಾ? ಒಂದೇ ಹಲ್ಲು ನೋಡ್ತಿದ್ದೆ."

6. ಮದುವೆಯ ದಿನ ಅರ್ಜಿದಾರ ಬ್ರಿನಾಳ ಬೂಟು ನೋಡುತ್ತಾ ನಡೆದ. ಹಿಂದೆ ಯೋರಿಸ್, ಅವನ ಹಿಂದೆ ಮದುವೆಯ ಸುರುಳಿ ರೊಟ್ಟಿ ಹೊತ್ತ ಮಿಲ್ಕಾ, ಕೊನೆಯಲ್ಲಿ ಹಗ್ಗ ಹೊತ್ತ ತಾವು. ನೋಂದಣಿ ಕಚೇರಿಯ ಮೇಡಮ್ಮು ಎಲ್ಲರಿಗಿಂತ ಮುಂದೆ ಹೋಗಿ ತುದಿಯಲ್ಲಿ ಕಾಯುತ್ತಿದ್ದರು. ಕಬ್ಬಿಣದ ತಂತಿ ಹಿಡಿದು, ಗೂಟಕ್ಕೆ ಗೂಟ ದಾಟಿ, ಬೂಟು ಬಿಟ್ಟು ಬೇರೇನೂ ನೋಡದೆ ಅರ್ಜಿದಾರ ತುದಿಗೆ ಮುಂಚಿನ ಕಿರುಶಿಖರ ಪುಟ್ಟ ತ್ರಿಗ್ಲಾವನ್ನು ಮುಟ್ಟಿದ. ಅಲ್ಲಿಂದ ದೊಡ್ಡ ತುದಿಗೆ ಇರುವುದು ಬರೀ ಒಂದು ಏಣು, ಕತ್ತಿಯಂಚಿನಂಥ ಬಂಡೆಸಾಲು. ಎರಡೂ ಪಕ್ಕಕ್ಕೆ ಏನೂ ಇಲ್ಲ. ಬ್ರಿನಾ ಏಣಿನ ಮೇಲೆ ಕಾಲಿಟ್ಟಳು. ಬೂಟು ಮುಂದೆ ಹೋಯಿತು, ಬೂಟು ಇದ್ದ ಜಾಗದಲ್ಲಿ ಆಕಾಶ ಕಂಡಿತು. ಅರ್ಜಿದಾರ ಕೂತು, ಪಕ್ಕದ ಗೂಟವನ್ನು ತಬ್ಬಿಕೊಂಡ.

"ಅಪ್ಪಾ, ಏಳು. ಇನ್ನು ಸ್ವಲ್ಪನೇ."

"ನೀವು ಹೋಗ್ರಮ್ಮ. ನಾನಿಲ್ಲೇ ಇರ್ತೀನಿ. ಇಲ್ಲಿಂದ ಚೆನ್ನಾಗಿ ಕಾಣುತ್ತೆ."

"ಕಣ್ಣು ಮುಚ್ಕೊಂಡಿದೀಯಲ್ಲಪ್ಪ."

"ಹೋಗು ಬ್ರಿನಾ. ನನ್ನಿಂದ ನಿಲ್ಬೇಡ."

ಅವಳು ಹೋದಳು. ಅರ್ಧ ಏಣು ದಾಟಿದಳು. ಗೋಪುರ ಅಲ್ಲೇ ಇತ್ತು, ಅವಳ ಬಾಲ್ಯದ ಆಸೆ ಅಲ್ಲೇ ಇತ್ತು. ಆಮೇಲೆ ನಿಂತಳು, ತಿರುಗಿದಳು, ಹೆಲ್ಮೆಟ್ಟಿಗೆ ಕಟ್ಟಿದ ಬಿಳಿ ಬಟ್ಟೆ ಗಾಳಿಗೆ ಬಡಿದಾಡುತ್ತಿದ್ದಂತೆ ವಾಪಸು ಬಂದಳು. ಮೇಡಮ್ಮನ್ನು ಕೆಳಗೆ ಕೂಗಿ ಕರೆಸಲಾಯಿತು. ಅವರು ಏದುಸಿರು ಬಿಡುತ್ತ, "ಕಾಗದದಲ್ಲಿ ತುದಿ ಅಂತ ಬರೆದಿದೆಯಲ್ಲಮ್ಮ" ಎಂದರು.

"ತಿದ್ಕೊಳಿ" ಎಂದಳು ಬ್ರಿನಾ. "ಪೆನ್ನು ನನ್ ಹತ್ರ ಇದೆ."

ಹೀಗೆ ಮದುವೆಯಾಯಿತು. ದಾರಿ ಕಟ್ಟಿಕೊಂಡಿದ್ದರಿಂದ ಹಿಂದೆ ನಿಂತ ಪ್ರವಾಸಿಗರು ಮೊದಲು ಗೊಣಗಿದರು, ಆಮೇಲೆ ಚಪ್ಪಾಳೆ ತಟ್ಟಿದರು. ಅರ್ಜಿದಾರನ ಒಂದು ಕೈಯಲ್ಲಿ ಮಗಳ ಕೈ, ಇನ್ನೊಂದರಲ್ಲಿ ಗೂಟ. ಫೋಟೋದಲ್ಲಿ ಗೂಟವೂ ಮನೆಯವರ ಹಾಗೆಯೇ ಬಂದಿದೆ.

ಅನಂತರ ತಾವು ಹಗ್ಗ ಬಿಚ್ಚಿ, "ಬಗ್ಗೋ" ಎಂದಿರಿ. "ಇದು ತುದಿಯಲ್ಲ ಕಣೋ" ಎಂದು ಅರ್ಜಿದಾರ ಆಕ್ಷೇಪಿಸಿದ. "ನಲವತ್ತು ವರ್ಷದಿಂದ ನಿನಗೇ ಅಂತ ಕಾಯ್ಕೊಂಡಿದೀನಿ. ಇನ್ನು ಮೇಲಕ್ಕೆ ಹೋಗೋ ತನಕ ತಡ್ಕೊಳಕ್ಕಾಗಲ್ಲ, ಬಗ್ಗು" ಎಂದು ಬಾರಿಸಿದಿರಿ. ಏಟಿನಲ್ಲಿ ಬಾಕಿ ಏನೂ ಉಳಿಯಲಿಲ್ಲ.

7. ಕೆಳಗೆ ಬಂದಮೇಲೆ ಉಲ್ಲೇಖ ಒಂದರ ನಿರ್ಣಯವಾಗಿ, ಅರ್ಜಿದಾರನಿಗೆ ಒಲೆ ಪಕ್ಕ ಜಾಗ ಕೊಟ್ಟರು. ಬಾಜಿ ಸೋತವರು ಯಾರು ಗೆದ್ದವರು ಯಾರು ಎಂದು ತೀರ್ಮಾನವಾಗದೆ ಪೀಪಾಯಿಯನ್ನು ಎಲ್ಲರೂ ಕುಡಿದರು. ಈ ವರ್ಷ ಚಳಿ ಬೇಗ ಬಂದಿದೆ. ಬೆನ್ನಿಗೆ ಬೆಚ್ಚಗೆ, ಕೈಗೆ ಹುಳಿ ಕೋಸಿನ ಸಾರು. ಸುಖವಾಗಿತ್ತು ಎಂಬುದನ್ನು ಅರ್ಜಿದಾರ ಅಲ್ಲಗಳೆಯುವುದಿಲ್ಲ.

ಆದರೆ ಮೊನ್ನೆ ಅದೇ ಬೆಂಚಿನ ಮೇಲೆ ಯೋರಿಸ್ ಸಾರು ಕುಡಿಯುತ್ತಾ ಹೇಳಿದ: "ಮಾವ, ಬ್ರಿನಾ ಪ್ರವಾಸಿಗರನ್ನ ಕರ್ಕೊಂಡು ತುದಿಗೆ ಹೋಗಿದ್ಲಲ್ಲ. ಗೋಪುರದ ಪಕ್ಕ ಸುಮ್ನೆ ಕೂತುಬಿಟ್ಲಂತೆ. ಬನ್ನಿ ನಿಮ್ದೊಂದು ಫೋಟೋ ತೆಗೀತೀವಿ ಅಂದ್ರೆ, ಬೇಡ, ಇಲ್ಲಿ ನಮ್ಮಪ್ಪನ ಜೊತೆ ತೆಗಿಸ್ಕೋತೀನಿ ಅಂದ್ಲಂತೆ."

ಹುಡುಗ ಇದನ್ನೂ ಚುಚ್ಚಲು ಹೇಳಿದ್ದಲ್ಲ. ಅಂದಿನಿಂದ ಬೆಂಚು ಸುಡುತ್ತಿದೆ. ಒಲೆಯದು ತಪ್ಪಿಲ್ಲ.

8. ಒಲೆಯ ಜಾಗ ಸಿಕ್ಕವನು ಮತ್ತೆ ಬೆಟ್ಟ ಹತ್ತಬೇಕಾದ ಕಾರಣವಿಲ್ಲ. ಕಾರಣವಿಲ್ಲದಿದ್ದರೆ ಅರ್ಜಿದಾರ ಹತ್ತುವವನಲ್ಲ. ತನ್ನನ್ನು ತಾನು ಅವನು ಚೆನ್ನಾಗಿ ಬಲ್ಲ. ಬೆನ್ನಿಗೆ ಬೆಚ್ಚಗಿದ್ದರೆ ಒಂದು ಚಳಿಗಾಲದಲ್ಲಿ ಎಲ್ಲ ಮರೆತು, ಜೇಬಿನ ಬೆಟ್ಟವೇ ಸಾಕು ಅನ್ನುತ್ತಾನೆ. ಆದ್ದರಿಂದ ಬಾಗಿಲ ಗಾಳಿ ಅವನಿಗೆ ಅತ್ಯಗತ್ಯ. ಅವಳು ತುದಿಯನ್ನು ಬಿಟ್ಟು ನನ್ನ ಹತ್ತಿರ ಬಂದಳು. ಬರುವ ಜುಲೈನಲ್ಲಿ ನಾನು ಅವಳ ಹತ್ತಿರ ಹೋಗಬೇಕು. (ಮೇಲಿನ ಎರಡು ವಾಕ್ಯಗಳಲ್ಲಿ ಅರ್ಜಿದಾರ ಎಂದು ಬರೆಯಲು ಎರಡು ಸಲ ಪ್ರಯತ್ನಿಸಲಾಯಿತು. ಆಗಲಿಲ್ಲ. ಸಂಘ ಮನ್ನಿಸಬೇಕು.)

ಆದ್ದರಿಂದ ಮಾನ್ಯರು ದಯಮಾಡಿ ಉಲ್ಲೇಖ ಮೂರರ ಏಟುಗಳನ್ನು ಅಸಿಂಧುವೆಂದು ಘೋಷಿಸಿ, ಅರ್ಜಿದಾರನನ್ನು ಬಾಗಿಲ ಬಳಿಗೆ ವಾಪಸು ಕಳಿಸಬೇಕು. ಜುಲೈನಲ್ಲಿ ಹಿಮ ಕರಗಿದ ಮೇಲೆ ಊರಿನ ಹಗ್ಗವನ್ನು ಬ್ರಿನಾಳ ವಶಕ್ಕೆ ಕೊಡಬೇಕು. ಈ ಸಲದ ಏಟು ಅವಳದು, ಅದೂ ಗೋಪುರದ ಪಕ್ಕದಲ್ಲೇ. ಅರ್ಜಿದಾರ ಮತ್ತೆ ಅದೇ ಗೂಟವನ್ನು ತಬ್ಬಿಕೊಂಡು ಕೂತರೆ ಯಾರೂ ಮರುಕ ತೋರಿಸತಕ್ಕದ್ದಲ್ಲ. ಅವಳು ಹಿಂದಿರುಗಿ ಬಾರದಂತೆ ತಾವು ನೋಡಿಕೊಳ್ಳಬೇಕು. ಅವನು ಎಷ್ಟು ಹೊತ್ತಾದರೂ ತಾನೇ ಎದ್ದು ಹೋಗಲಿ. ಏಟು ಮೆಲ್ಲಗಿರಲಿ ಎಂಬ ಕೋರಿಕೆ ಈ ಅರ್ಜಿಯಲ್ಲಿ ಇಲ್ಲ.

ಬೇಲಿಯಾಚೆಯಿಂದ, ತಮ್ಮ ವಿಶ್ವಾಸಿ,
ಸಿರಿಲ್ ಒಡಾರ್
(ಸಹಿ ಕೊಂಚ ವಕ್ರವಾಗಿದೆ, ನಿಂತುಕೊಂಡು ಬರೆದದ್ದು)

ಅಡಕಗಳು:
1. ಮದುವೆಯ ಫೋಟೋ, ಗೂಟ ಸಮೇತ.
2. ಮೊರಾಗ್ ಅಜ್ಜಿಯ ಕಾರ್ಡು. ಜುಲೈಗೆ ಅವರ ಕೋಣೆ ಕಾದಿರಿಸಬೇಕೆಂದೂ, ಬೆಟ್ಟದಲ್ಲಿ ಮುಂದಿನ ಬೂಟು ಅವರದೇ ಎಂದೂ ಬರೆದಿದ್ದಾರೆ.
3. ಪ್ಲಮ್ ಹಣ್ಣು ಒಂದು ಬುಟ್ಟಿ. ಅರ್ಜಿದಾರನೇ ಏಣಿ ಹತ್ತಿ ಕಿತ್ತದ್ದು. ಲಂಚವಲ್ಲ, ಹೇಗೂ ತಾವು ತಿನ್ನುವವರೇ.

ವಿ.ಸೂ.: ಬಾಗಿಲ ಬಳಿಯ ಬೆಂಚು ಬರಿಯ ಹಲಗೆ. ಪುಟ್ಟ ತ್ರಿಗ್ಲಾವಿನ ಏಟುಗಳನ್ನು ಸಂಘ ರದ್ದುಪಡಿಸಿದರೂ ಆ ಸಮಾಚಾರ ಏಟು ಬಿದ್ದ ಜಾಗಕ್ಕೆ ತಲುಪಲು ಇನ್ನೂ ಕೆಲವು ದಿನ ಹಿಡಿಯುವಂತಿದೆ. ಕಾರಣ, ಅಲ್ಲಿಯವರೆಗೆ ಸಂಘದ ವತಿಯಿಂದ ಒಂದು ದಿಂಬು ಮಂಜೂರು ಮಾಡಬೇಕಾಗಿ ವಿನಂತಿ.