ಗಂಟಿನ ಹೆಸರು

ಆಸ್ಪತ್ರೆಗಳಲ್ಲಿ ನಗೆಯ ಪ್ರಸಂಗಗಳಿಗೆ ಬರವಿಲ್ಲ. ಅವನ್ನು ಹೇಳಿ ನಗಿಸಬೇಕಾದವರೇ ಕೆಲವು ಸಲ ಮನೆಗೆ ಬರುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ರಾಮದುರ್ಗದ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದೆ. ಸುರೇಬಾನಕ್ಕೆ ಕೊಟ್ಟಿದ್ದ ನನ್ನ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ಅದೇನೆಂದು ಡಾಕ್ಟರ ಬಾಯಿಂದಲೇ ಕೇಳಬೇಕೆಂಬುದು ಅವಳ ಹಟ. ಅವಳು ಈಗಿಲ್ಲ. ಹಟದ ಕಥೆಗಳಿವೆ.

ಯಾರಾದರೂ ಗಂಡಸರು

ಬೈಲಹೊಂಗಲದ ಡಾಕ್ಟರು ಅಕ್ಕನನ್ನು ಪರೀಕ್ಷಿಸಿ, ಕೈ ತೊಳೆದುಕೊಂಡು, "ಗಂಡಸರು ಯಾರ ಬಂದಾರ?" ಅಂದರು.

"ನಾವಿಬ್ರ ಅಕ್ಕತಂಗೇರು ಬಂದೇವ್ರಿ. ನಾ ಬಿ.ಎ. ಮಾಡೇನಿ, ನನಗ ಹೇಳ್ರಿ," ಅಂದೆ.

ಬಿ.ಎ. ಅವರಿಗೆ ಕೇಳಿಸಲಿಲ್ಲ. ಹೊರಗೆ ಬೆಂಚಿನ ಮೇಲೆ ಯರಗಟ್ಟಿಯ ಹತ್ತಿ ವ್ಯಾಪಾರಿಯೊಬ್ಬ ಕೆಮ್ಮುತ್ತ ಕೂತಿದ್ದ. ನಮಗೆ ಅವನು ಯಾರೂ ಅಲ್ಲ. ಗಂಡಸು, ಅಷ್ಟೇ ಅರ್ಹತೆ. ಡಾಕ್ಟರು ಅವನನ್ನು ಒಳಗೆ ಕರೆದು, ನಮ್ಮನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿಕೊಂಡು ಎಲ್ಲ ವಿವರಿಸಿದರು. ಹೊರಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಏನಂದ್ರು ಅಣ್ಣಾರ?" ಅಕ್ಕ ಕೇಳಿದಳು.

"ಲಗೂನ ದೊಡ್ಡ ದವಾಖಾನಿಗೆ ಹೋಗಬೇಕಂತ್ರಿ, ಕೊಯ್ಯಬೇಕಂತ." ಅವನು ತನ್ನ ಎದೆಯನ್ನೇ ಒತ್ತಿ ನೋಡಿಕೊಂಡ. "ಆದ್ರ ಅಕ್ಕಾರ, ನಂದು ಬರೇ ಕೆಮ್ಮಲ್ರೀ?"

ಕರೆಂಟು

ದೊಡ್ಡ ದವಾಖಾನೆಯಲ್ಲಿ ಗಂಟು ಕೊಯ್ದರು, ಆಮೇಲೆ ಕರೆಂಟ್ ಕೊಡಬೇಕೆಂದರು. ವಿಕಿರಣಕ್ಕೆ ಜನರಿಟ್ಟ ಹೆಸರದು. ಅಕ್ಕನ ಮನೆಗೆ ಇನ್ನೂ ಲೈಟು ಬಂದಿರಲಿಲ್ಲ. "ಮನಿಗೆ ಬರೂಕಿಂತ ಮೊದಲ ಸೊಸಿಗೆ ಬಂತಲ್ಲೋ ಶಿವನ," ಎಂದು ಅವಳ ಅತ್ತೆ ಅತ್ತಳು.

ಕೆಲವೇ ದಿನಗಳಲ್ಲಿ ಚರ್ಮ ಸುಟ್ಟ ಹಾಗಾಯಿತು. ಅಕ್ಕ ಉರಿ ಎಂದಳು. "ಇಷ್ಟ ಬೇಗ ಉರಿಯೂದಿಲ್ಲ, ಪುಸ್ತಕದಾಗ ಹಂಗಿಲ್ಲ," ಅಂದರು ಎಳೆಯ ಡಾಕ್ಟರು.

"ಪುಸ್ತಕಕ್ಕ ಉರದಾಗ ಪುಸ್ತಕಕ್ಕ ಮುಲಾಮ ಹಚ್ಚೀರಂತ," ಅಂದಳು ಅಕ್ಕ. "ಸದ್ಯ ನನಗ ಹಚ್ಚ್ರಿ."

ಒಡಪು

ಇಷ್ಟಾದರೂ ರೋಗದ ಹೆಸರನ್ನು ಯಾರೂ ಎತ್ತಿರಲಿಲ್ಲ. ನನಗೆ ಗುಮಾನಿಯಿತ್ತು, ಅಕ್ಕನಿಗೂ ಇತ್ತು. ಗುಮಾನಿ ಅವಳಿಗೆ ಸಾಲದು.

ಅಕ್ಕ ಮತ್ತೆ ದವಾಖಾನೆಗೆ ಭರ್ತಿಯಾದಾಗ ನರ್ಸು ಗಂಡನ ಹೆಸರು ಕೇಳಿದಳು. ನಮ್ಮ ಕಡೆ ಹೆಂಗಸರು ಅದನ್ನು ಒಡಪಿನಲ್ಲಿ, ಪ್ರಾಸ ಕಟ್ಟಿಯೇ ಹೇಳುವುದು. ನೇರವಾಗಿ ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ನಾನು ನಂಬುವುದಿಲ್ಲ. ಅಕ್ಕ ದಿಂಬಿಗೊರಗಿ ಹೇಳಿದಳು:

"ಬಿಸಿ ರೊಟ್ಟಿಗಿ ಬದನಿಕಾಯಿ ಪಲ್ಲೆ,
ಬಸಪ್ಪನವರ ಹೆಸರ ಇನ್ನೊಮ್ಮಿ ಕೇಳಿದ್ರ ನಾ ಒಲ್ಲೆ."

ವಾರ್ಡೆಲ್ಲ ನಕ್ಕಿತು. ಆ ನಗುವಿನಲ್ಲೇ ದೊಡ್ಡ ಡಾಕ್ಟರು ಬಂದರು. ಅಕ್ಕ ಎಂದಿನಂತೆ ಕೇಳಿದಳು, "ನನಗೇನಾಗೇತ್ರಿ?"

"ನಿಮ್ಮ ಯಜಮಾನರನ್ನ ಕಳಸ್ರಿ, ಅವರಿಗೆ ಹೇಳತೇನಿ."

"ಅವರು ಅಳತಾರ್ರಿ, ನನಗ ಹೇಳೂದಿಲ್ಲ. ಎದಿ ನಂದು, ನನಗ ಹೇಳ್ರಿ."

"ಹೆಸರು ತೊಗೊಂಡ ಏನ ಮಾಡತೀರಿ, ತಾಯಿ?"

"ಹೆಸರ ಹೇಳಿದ್ರ ಆಯುಷ್ಯ ಕಡಿಮಿ ಆಗತೈತ್ರಿ. ಹೇಳಿಬಿಡ್ರಿ, ಈ ರೋಗದ್ದಾದ್ರೂ ಕಡಿಮಿ ಆಗಲಿ. ಬಾಯಿಲೆ ಬರವಲ್ದಂದ್ರ ಒಡಪ ಹಾಕ್ರಿ."

ಡಾಕ್ಟರು ನಗಲಿಲ್ಲ. ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತರು. ಕ್ಯಾನ್ಸರ್ ಅಂದರು. ಹಬ್ಬಿದೆ ಅಂತಲೂ ಅಂದರು.

ಅಕ್ಕ ಆ ಶಬ್ದವನ್ನು ತುಟಿಯಲ್ಲೇ ತಿರುವಿ ಮುರುವಿ ನೋಡಿದಳು.

"ಖರೆ ಐತ್ರಿ ಸಾಹೇಬ್ರ," ಅಂದಳು ಕೊನೆಗೆ. "ಇದಕ್ಕ ಪ್ರಾಸ ಯಾರಿಗೂ ಸಿಗೂದಿಲ್ಲ."